ಖಾಲಿ ಸೈಟುಗಳ ಕ್ಲೀನಿಂಗ್: ಬ್ರೋಕರ್‌ಗಳನ್ನೂ ಗುಂಪಿಗೆ ಸೇರಿಸೋಣ

ಮನೆ 112, 3ನೇ ಕ್ರಾಸ್ – ಸೋಮವಾರ ಬೆಳಿಗ್ಗೆ 7:10

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಈ ಗುಂಪಿನಲ್ಲಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಎದುರಿನ ಖಾಲಿ ಸೈಟಿನಲ್ಲಿ ಆಯುಧಪೂಜೆಯ ಬಾಳೆಕಂದು, ಒಡೆದ ಬೂದುಗುಂಬಳ ಇನ್ನೂ ಹಾಗೇ ಕೊಳೆಯುತ್ತಿವೆ. ಅದರ ಮೇಲೆ ಯಾರೋ ಮನೆ ರಿಪೇರಿ ಮಾಡಿಸಿದ ಮಣ್ಣು, ಟೈಲ್ಸ್ ಚೂರು ಸುರಿದು ಹೋಗಿದ್ದಾರೆ. ಕಾಂಗ್ರೆಸ್ ಗಿಡ ನನ್ನ ಸೊಂಟದ ತನಕ ಬಂದಿದೆ. ನಿನ್ನೆ ಸಂಜೆ ಮಗಳ ಚೆಂಡು ಅಲ್ಲಿಗೆ ಹೋಯಿತು ಅಂತ ನಾನೇ ಒಳಗೆ ಹೋದೆ. ಒಂದು ಪೇಂಟ್ ಬಕೆಟ್ ಬಿದ್ದಿತ್ತು, ಅದರಲ್ಲಿ ಅರ್ಧ ಮಳೆ ನೀರು. ಬಗ್ಗಿ ನೋಡಿದರೆ ನೀರಿನ ತುಂಬ ಸಣ್ಣ ಹುಳ. ಬಕೆಟ್ ಅಲ್ಲಾಡಿಸಿದ ಕೂಡಲೇ ಎಲ್ಲ ಸರಕ್ಕನೆ ತಳಕ್ಕೆ ಇಳಿದವು. ಅಲ್ಲೇ ಮಗುಚಿ ಚೆಲ್ಲಿ ಬಂದೆ. ಈ ತಿಂಗಳು ನಮ್ಮ ಒಂದೇ ಕ್ರಾಸಿನಲ್ಲಿ ಮೂರು ಜನಕ್ಕೆ ಡೆಂಗಿ ಆಗಿದೆ. ನೆನಪಿದೆ ತಾನೇ?

ನಾನು ಮತ್ತು 5ನೇ ಕ್ರಾಸಿನ ಅಕ್ಕ ಸೇರಿ ಎಣಿಸಿದ್ದೇವೆ. ಎಂಟು ಕ್ರಾಸಿನಲ್ಲಿ 41 ಖಾಲಿ ಸೈಟು. ಮಾಲೀಕರು ಯಾರು ಅಂತ ನಮಗೆ ಗೊತ್ತಿರುವುದು ಒಂಬತ್ತಕ್ಕೆ ಮಾತ್ರ. ಉಳಿದವರು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ. ನೋಟಿಸ್ ಕೊಡಿ ಅಂತ ಪಾಲಿಕೆಗೆ ಕೇಳಿದರೆ ವಿಳಾಸ ಬೇಕು ಅನ್ನುತ್ತಾರೆ, ಅದು ಸಹಜವೇ. ಆದರೆ ಯೋಚನೆ ಮಾಡಿ, ಈ ಮಾಲೀಕರ ಫೋನ್ ನಂಬರ್ ಈಗಲೂ ಯಾರ ಹತ್ತಿರ ಇದೆ? ನಮ್ಮ ಏರಿಯಾದ ಬ್ರೋಕರ್‌ಗಳ ಹತ್ತಿರ. ತಿಂಗಳಿಗೆ ಎರಡು ಸಲ ಫೋನ್ ಮಾಡಿ "ಒಳ್ಳೆ ರೇಟ್ ಬಂದಿದೆ, ಕೊಡ್ತೀರಾ" ಅಂತ ಕೇಳುವವರು ಅವರೇ. ಅವರನ್ನು ಈ ಗುಂಪಿಗೆ ಸೇರಿಸಿಕೊಂಡು ಕೆಲಸಕ್ಕೆ ಇಳಿಸೋಣ ಅನ್ನುವುದು ನನ್ನ ಮನವಿ.

ಮನೆ 87, 2ನೇ ಕ್ರಾಸ್ – 7:32

ನನ್ನ ವಿರೋಧ ಇದೆ. ನೇರವಾಗಿಯೇ ಹೇಳುತ್ತೇನೆ. ನಮ್ಮ ಬೀದಿಯ ಪ್ರತಿ ಹೊಂಗೆ ಮರಕ್ಕೂ ತಗಡಿನ ಬೋರ್ಡ್ ಹೊಡೆದವರು ಇವರೇ ಅಲ್ವಾ? "ಸೈಟು ಮಾರಾಟಕ್ಕಿದೆ", "ಬಾಡಿಗೆ ಮನೆ, ಭೋಗ್ಯಕ್ಕೆ ಸಂಪರ್ಕಿಸಿ". ಒಂದೊಂದು ಮರಕ್ಕೆ ಆರೇಳು ಮೊಳೆ. ನಾನು ಈ ಬಡಾವಣೆಗೆ ಬರುವಾಗ ಒಬ್ಬ ಬ್ರೋಕರ್ ಟೋಕನ್ ಅಂತ 25 ಸಾವಿರ ತೆಗೆದುಕೊಂಡು, ಅದೇ ಮನೆಯನ್ನು ಇನ್ನೊಬ್ಬರಿಗೆ ಮಾತಾಡಿಕೊಟ್ಟ. ದುಡ್ಡು ವಾಪಸ್ ಬರಲು ಎಂಟು ತಿಂಗಳು ಹಿಡಿಯಿತು, ಅದೂ ಐದು ಸಾವಿರ ಕಡಿಮೆ. ಮಗನ ಕಾಲೇಜು ಫೀಸಿಗೆ ಇಟ್ಟ ದುಡ್ಡು ಅದು. ಇವರಿಗೆ ಕಮಿಷನ್ ಬಿಟ್ಟು ಬೇರೆ ಏನೂ ಬೇಡ.

ಮನೆ 203, 6ನೇ ಕ್ರಾಸ್, ಮಹಡಿ – 7:50

ಸರ್, ನಿಮಗೆ ಆಗಿದ್ದು ತುಂಬ ಬೇಜಾರಿನ ವಿಷಯ. ಆದರೆ ನನ್ನ ಅನುಭವವನ್ನೂ ಹೇಳಲೇಬೇಕು. ನಾನು ಬಾಡಿಗೆಗೆ ಇರುವವನು, ರಾಯಚೂರಿನಿಂದ ಬಂದು ಎರಡು ವರ್ಷ ಆಯಿತು. ಈ ಊರಲ್ಲಿ ನನಗೆ ಮೊದಲು ಪರಿಚಯ ಆದವರೇ 6ನೇ ಕ್ರಾಸಿನ ಬ್ರೋಕರ್ ಅಣ್ಣ. ಮನೆ ತೋರಿಸಿ ಕಮಿಷನ್ ತಗೊಂಡು ಹೋಗಲಿಲ್ಲ. ನೀರು ಯಾವ ದಿನ ಬಿಡುತ್ತಾರೆ, ಹಸಿ ಕಸ ಒಣ ಕಸ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರ್ ಹತ್ತಿರ ಹೋಗಬೇಕು, ಎಲ್ಲ ಹೇಳಿಕೊಟ್ಟರು. ಈ ಗುಂಪಿಗೆ ನನ್ನನ್ನು ಸೇರಿಸಿ ಅಂತ ಅಧ್ಯಕ್ಷರಿಗೆ ಹೇಳಿದವರೂ ಅವರೇ. ಬಾಡಿಗೆಯವರು ಅಂತ ಮೊದಲು ಬೇಡ ಅಂದಿದ್ದಿರಿ.

ಮನೆ 140, ಮೇಷ್ಟ್ರು – 8:15

ಇಬ್ಬರ ಮಾತಿನಲ್ಲೂ ನಿಜ ಇದೆ. ನಮ್ಮ ಮೈಸೂರಲ್ಲಿ ಬಡಾವಣೆ ಅನ್ನುವುದು ಬರೀ ಸೈಟಿನ ಲೆಕ್ಕ ಆಗಿರಲಿಲ್ಲ. ನಗರ ಸುಧಾರಣಾ ಮಂಡಳಿ ಶುರುವಾಗಿದ್ದು 1903ರಲ್ಲಿ. ಆಗ ಪ್ಲೇಗಿನ ಕಾಲ. ಗಾಳಿ ಬೆಳಕು ಬರಬೇಕು, ಚರಂಡಿ ಸರಿಯಾಗಿ ಹರಿಯಬೇಕು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಕಸ, ಮಲ ಸಾಗಿಸುವ ಓಣಿ) ಬಿಡಬೇಕು ಅಂತ ಲೆಕ್ಕ ಹಾಕಿ ಊರು ಕಟ್ಟಿದರು. ರೋಗಕ್ಕೆ ಹೆದರಿ ಕಟ್ಟಿದ ಊರಿನಲ್ಲಿ ಈಗ ನಾವೇ ಸೊಳ್ಳೆ ಸಾಕುತ್ತಿದ್ದೇವೆ. 2015, 2016 ಎರಡು ವರ್ಷವೂ ದೇಶದ ಅತ್ಯಂತ ಸ್ವಚ್ಛ ನಗರ ಅನ್ನಿಸಿಕೊಂಡ ಊರು ಇದು. ಕುಂಬಾರಕೊಪ್ಪಲಿನಲ್ಲಿ ನಾಗರಿಕರ ಸಂಘಟನೆಯೇ ಕಸ ಬೇರ್ಪಡಿಸುವ ಘಟಕ ನಡೆಸಿ ತೋರಿಸಿದೆ. ನಮ್ಮಿಂದ 41 ಸೈಟು ಆಗುವುದಿಲ್ಲವೇ?

ಬ್ರೋಕರ್ ಬರಲಿ. ಆದರೆ ಮರದ ಮೊಳೆ ಕಿತ್ತ ಮೇಲೆ ಬರಲಿ.

ಮನೆ 31, 1ನೇ ಕ್ರಾಸ್, ವಕೀಲರು – 9:05

ಕಾನೂನಿನ ವಿಷಯ ಸ್ವಲ್ಪ ತಿಳಿಸುತ್ತೇನೆ, ಗುಂಪಿಗೆ ಉಪಯೋಗ ಆಗಬಹುದು.

ಬೋರ್ಡ್ ವಿಷಯ ಮೊದಲು. ಸಾರ್ವಜನಿಕ ಜಾಗವನ್ನು ವಿರೂಪ ಮಾಡುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಲ್ಲೇ ಕಾಯ್ದೆ ಬಂದಿದೆ. ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಅನುಮತಿ ಇಲ್ಲದೆ ಮರಕ್ಕೆ ಬೋರ್ಡ್ ಹೊಡೆಯಲು ಯಾರಿಗೂ ಹಕ್ಕಿಲ್ಲ.

ಇನ್ನು ಡೆಂಗಿ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ನಿಯಮ ತಂದಿತು. ನಗರದಲ್ಲಿ ಮನೆಯಲ್ಲಿ ಸೊಳ್ಳೆ ಬೆಳೆಯಲು ಬಿಟ್ಟರೆ 400 ರೂಪಾಯಿ ದಂಡ. ಖಾಲಿ ಸೈಟು ಮತ್ತು ಕಟ್ಟಡ ಕೆಲಸ ನಡೆಯುವ ಜಾಗಕ್ಕೆ 2000. ಮಾಲೀಕರಿಗೆ ಫೋನ್ ಮಾಡುವಾಗ ಇದನ್ನು ಮೃದುವಾಗಿ ಹೇಳಿ. ಜಗಳಕ್ಕೆ ಬೇಡ, ತಿಳಿದಿರಲಿ ಅಂತ.

ಮಾಲೀಕರ ಹೆಸರು ಬೇಕಿದ್ದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಯಬಹುದು. ಯಾರಿಂದ ಯಾರಿಗೆ ಮಾರಾಟ ಆಗಿದೆ ಅಂತ ಗೊತ್ತಾಗುತ್ತದೆ. ಫೋನ್ ನಂಬರ್ ಮಾತ್ರ ಅದರಲ್ಲಿ ಇರುವುದಿಲ್ಲ. ಅಲ್ಲಿಗೆ 112ರ ಮೇಡಂ ಹೇಳಿದ ದಾರಿಯೇ ಹತ್ತಿರದ್ದು.

87ರ ಸರ್, ನಿಮ್ಮ ನೋವು ಅರ್ಥ ಆಗುತ್ತದೆ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆದ ಹೊಸ ಯೋಜನೆಯ ಸೈಟು, ಫ್ಲಾಟ್ ಮಾರಿಸುವ ಏಜೆಂಟರಿಗೆ 2016ರ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ. ನಂಬರ್ ಕೇಳಿ, ರೇರಾ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಆದರೆ ಬಾಡಿಗೆ ಮನೆ ತೋರಿಸುವವರು ಈ ಕಾಯ್ದೆಗೆ ಬರುವುದಿಲ್ಲ. ಅಲ್ಲಿ ನಮಗೆ ಉಳಿದಿರುವುದು ಪರಿಚಯ, ನಂಬಿಕೆ, ಮತ್ತು ಟೋಕನ್‌ಗೆ ಒಂದು ರಸೀದಿ. ರಸೀದಿ ಇಲ್ಲದೆ ಒಂದು ರೂಪಾಯಿ ಕೂಡ ಕೊಡಬೇಡಿ.

ಮನೆ 166, 5ನೇ ಕ್ರಾಸ್ – 9:40

ವಕೀಲರೇ, ಪಾರ್ಕ್ ಪಕ್ಕದ ಸಿಎ ಸೈಟಿನ (ನಾಗರಿಕ ಸೌಲಭ್ಯದ ಜಾಗ) ಮೂಲೆಯಲ್ಲೂ "ಸೇಲಿಗಿದೆ" ಅಂತ ಒಂದು ಬೋರ್ಡ್ ಇದೆ, ನೋಡಿದ್ದೀರಾ? ಹೋದ ವಾರ ಯಾರೋ ಕಾರಲ್ಲಿ ಬಂದು ಅಳತೆ ಹಾಕಿಕೊಂಡು ಹೋದರು. ನಮ್ಮಂಥವರು ಕೇಳಿದರೆ ಯಾರು ಲೆಕ್ಕಕ್ಕೆ ಇಡುತ್ತಾರೆ?

ಮನೆ 31, ವಕೀಲರು – 9:58

ನೋಡಿದ್ದೇನೆ ಅಕ್ಕ. ಫೋಟೋ ತೆಗೆದು ಇಟ್ಟಿದ್ದೇನೆ. ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗವನ್ನು ಮನೆ ಸೈಟು ಅಂತ ಮಾರಲು ಬರುವುದಿಲ್ಲ. ಯಾರೂ ಅದಕ್ಕೆ ಅಡ್ವಾನ್ಸ್ ಕೊಟ್ಟು ಮೋಸ ಹೋಗಬಾರದು.

ನಮ್ಮಂಥವರು ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು, ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವಾಗಿಯೇ ಹೇಳಿತು. ಅವರೂ ನಮ್ಮ ಹಾಗೆ ಬಡಾವಣೆಯ ಜನರೇ.

ಅಧ್ಯಕ್ಷರು – 11:20

6ನೇ ಕ್ರಾಸಿನ ಬ್ರೋಕರ್ ಅವರನ್ನು ಗುಂಪಿಗೆ ಸೇರಿಸಿದ್ದೇನೆ. ಮೇಲಿನ ಮೆಸೇಜುಗಳನ್ನೆಲ್ಲ ಕಳಿಸಿದ್ದೆ, ಓದಿದ್ದಾರೆ. ಅವರೂ ಇಲ್ಲೇ 14 ವರ್ಷದಿಂದ ಇದ್ದಾರೆ. ಮರ್ಯಾದೆಯಿಂದ ಮಾತಾಡೋಣ.

ಬ್ರೋಕರ್, 6ನೇ ಕ್ರಾಸ್ – 11:45

ಎಲ್ಲರಿಗೂ ನಮಸ್ಕಾರ. ಓದಿ ಬೇಜಾರಾಯಿತು, ಆದರೆ ಸುಳ್ಳು ಅಂತ ಹೇಳುವುದಿಲ್ಲ. ಮರದ ಮೇಲಿನ ಬೋರ್ಡುಗಳಲ್ಲಿ ನನ್ನವೂ ನಾಲ್ಕು ಇವೆ. ಇವತ್ತು ಸಂಜೆಯೇ ಕೀಳುತ್ತೇನೆ. ಉಳಿದ ಹುಡುಗರಿಗೂ ಹೇಳುತ್ತೇನೆ. ಸಿಎ ಸೈಟಿನ ಬೋರ್ಡ್ ನಮ್ಮವರದ್ದಲ್ಲ, ಹೊರಗಿನಿಂದ ಬಂದು ಹಾಕಿದ್ದು. ಅದಕ್ಕೆ ನೀವು ದೂರು ಕೊಡಿ, ನಾನೂ ಸಹಿ ಹಾಕುತ್ತೇನೆ.

87ರ ಸರ್, ನಿಮ್ಮ ದುಡ್ಡು ತೆಗೆದುಕೊಂಡವನು ನಾನಲ್ಲ. ಆದರೂ ನಮ್ಮ ಕಸುಬಿನವನೇ ಅಲ್ವಾ, ತಲೆ ತಗ್ಗಿಸುವ ಮಾತು.

ಈಗ ಸೈಟಿನ ವಿಷಯ. 41ರಲ್ಲಿ 26 ಸೈಟಿನವರು ನನಗೆ ಗೊತ್ತು. ನಂಬರ್ ಗುಂಪಿಗೆ ಹಾಕುವುದಿಲ್ಲ, ಅವರು ನನ್ನನ್ನು ನಂಬಿ ಕೊಟ್ಟಿದ್ದು. ನಾನೇ ಫೋನ್ ಮಾಡಿ, ಅಧ್ಯಕ್ಷರನ್ನು ಲೈನಿಗೆ ಹಾಕುತ್ತೇನೆ. ಇನ್ನೊಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ಮಾಲೀಕರು ಯಾಕೆ ಒಪ್ಪುವುದಿಲ್ಲ ಅಂದರೆ ದುಡ್ಡಿನ ಸಂಕಟ ಅಲ್ಲ, ಕಲ್ಲಿನ ಭಯ. ಮೂಲೆ ಕಲ್ಲು. ಜೆಸಿಬಿ ಒಂದು ಸಲ ಬಂದರೆ ಸೈಟಿನ ನಾಲ್ಕು ಕಲ್ಲಲ್ಲಿ ಒಂದಾದರೂ ಎದ್ದುಹೋಗುತ್ತದೆ. ಆಮೇಲೆ ಪಕ್ಕದವರು ಕಾಂಪೌಂಡ್ ಕಟ್ಟುವಾಗ ಅರ್ಧ ಅಡಿ ಈಚೆ ಬರುತ್ತಾರೆ. ಬೆಂಗಳೂರಲ್ಲಿ ಕೂತವರಿಗೆ ಗೊತ್ತಾಗುವುದೇ ಇಲ್ಲ. ಮತ್ತೆ ಸರ್ವೇಯರ್, ಅಳತೆ, ಕೋರ್ಟು. ಇದನ್ನೆಲ್ಲ ನೋಡಿದವರು "ಗಿಡ ಬೆಳೆದರೆ ಬೆಳೆಯಲಿ, ಯಾರೂ ಮುಟ್ಟಬೇಡಿ" ಅನ್ನುತ್ತಾರೆ.

ಅದಕ್ಕೆ ನಾನು ಹೇಳುವುದು, ಮೊದಲು ನಾಲ್ಕು ಕಲ್ಲು ಹುಡುಕಿ, ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟೋಣ. ಫೋಟೋ ತೆಗೆದು ಮಾಲೀಕರಿಗೆ ಕಳಿಸೋಣ. ಅವರು "ಒಪ್ಪಿಗೆ ಇದೆ" ಅಂತ ಮೆಸೇಜ್ ಹಾಕಿದ ಮೇಲೇ ಗಾಡಿ ಒಳಗೆ ಬಿಡೋಣ. ಜೆಸಿಬಿಗೆ ಗಂಟೆಗೆ 1200 ಹೇಳಿದ್ದಾರೆ. ಒಂದು ಸೈಟಿಗೆ ಅರ್ಧ ಗಂಟೆ ಸಾಕು. ಮಾಲೀಕರು ಕೊಡಬೇಕಾದದ್ದು 600 ರೂಪಾಯಿ ಅಷ್ಟೇ.

ಮನೆ 87 – 12:10

ಕಲ್ಲಿನ ವಿಷಯ ನನಗೆ ನಿಜಕ್ಕೂ ಹೊಳೆದಿರಲಿಲ್ಲ. ಸರಿ, ಬರಲಿ. ಆದರೆ ಒಂದು ಮಾತು. ಇನ್ನು ಮುಂದೆ ಯಾವ ಸೈಟು ಮಾರಾಟ ಆದರೂ ಹೊಸ ಮಾಲೀಕರಿಗೆ ಮೊದಲ ದಿನವೇ ಹೇಳಬೇಕು: ವರ್ಷಕ್ಕೆ ಎರಡು ಸಲ ಕ್ಲೀನ್ ಮಾಡಿಸಬೇಕು, ಕಟ್ಟಡದ ಮಣ್ಣು ಪಕ್ಕದ ಸೈಟಿಗೆ ಸುರಿಯಬಾರದು. ಕಮಿಷನ್ ತೆಗೆದುಕೊಳ್ಳುವವರೇ ಇದನ್ನು ಹೇಳಬೇಕು. ನಾವು ಆಮೇಲೆ ಹೋಗಿ ಹೇಳಿದರೆ ಜಗಳ ಆಗುತ್ತದೆ.

ಬ್ರೋಕರ್, 6ನೇ ಕ್ರಾಸ್ – 12:14

ಒಪ್ಪಿದೆ ಸರ್. ಒಂದು ಹಾಳೆಯಲ್ಲಿ ಬರೆದುಕೊಡಿ, ಅಗ್ರಿಮೆಂಟ್ ದಿನ ಅವರ ಕೈಗೆ ಕೊಡುತ್ತೇನೆ.

ಮನೆ 58, 4ನೇ ಕ್ರಾಸ್ – 1:30

ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದವನಾಗಿ ಒಂದು ವಿನಂತಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಬೇಕು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮೆಕ್ಸಿಕೋದಿಂದ ದುಂಬಿ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರೂ ಅದು ಪೂರ್ತಿ ಹೋಗಲಿಲ್ಲ, ಅಷ್ಟು ಗಟ್ಟಿ ಕಳೆ. ಬರಿಗೈಲಿ ಮುಟ್ಟಬೇಡಿ, ಚರ್ಮಕ್ಕೆ ತುರಿಕೆ ಬರುತ್ತದೆ. ಉಬ್ಬಸ ಇರುವವರು ಹತ್ತಿರವೂ ಬರುವುದು ಬೇಡ. ಕಿತ್ತಿದ್ದನ್ನು ಸುಡಬೇಡಿ, ಹೊಗೆ ಎಲ್ಲರ ಮನೆಗೂ ಹೋಗುತ್ತದೆ. ಹಾವು ಕಂಡರೆ ಕೋಲು ಎತ್ತಬೇಡಿ, ಹಾವು ಹಿಡಿಯುವವರ ನಂಬರ್ ಅಧ್ಯಕ್ಷರ ಹತ್ತಿರ ಇದೆ.

ಮನೆ 112, 3ನೇ ಕ್ರಾಸ್ – ಭಾನುವಾರ ಸಂಜೆ 6:20

ಇವತ್ತು ಬಂದ ಎಲ್ಲರಿಗೂ ಕೈಮುಗಿದು ಧನ್ಯವಾದ. 34 ಜನ ಬಂದಿದ್ದಿರಿ. 26 ಮಾಲೀಕರಲ್ಲಿ 19 ಜನ ಒಪ್ಪಿಗೆ ಕೊಟ್ಟಿದ್ದರು, ಅದರಲ್ಲಿ 11 ಸೈಟು ಮುಗಿದಿದೆ. ಒಂದು ಮೂಲೆ ಕಲ್ಲೂ ಅಲ್ಲಾಡಿಲ್ಲ. ಗಾಡಿ ಒಳಗೆ ಇಳಿಯುವ ಮೊದಲು ಬ್ರೋಕರ್ ಅಣ್ಣ ಪ್ರತಿ ಸೈಟಿನಲ್ಲೂ ತಾವೇ ಗಿಡದೊಳಗೆ ನುಗ್ಗಿ ಕಾಲಿನಿಂದ ತಡವಿ ಕಲ್ಲು ಹುಡುಕಿದರು. 3ನೇ ಕ್ರಾಸಿನ ಒಂದು ಕಲ್ಲು ಅರ್ಧ ಅಡಿ ಮಣ್ಣಿನ ಕೆಳಗೆ ಸಿಕ್ಕಿತು.

ನಮ್ಮ ಎದುರಿನ ಸೈಟಿನ ಅಮ್ಮ ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿದ್ದರು. ಗಂಡ ತೀರಿಕೊಂಡ ಮೇಲೆ ಈ ಕಡೆ ಬರಲೇ ಆಗಿಲ್ಲವಂತೆ. ನಾಲ್ಕು ಕಲ್ಲು, ನಾಲ್ಕು ಕೆಂಪು ಬಟ್ಟೆ ನೋಡಿ ಅವರಿಗೆ ಅಳು ಬಂತು. 600ರ ಬದಲು 2000 ಹಾಕಿದ್ದಾರೆ, ಪಕ್ಕದ ಎರಡು ಸೈಟಿಗೂ ಸೇರಿಸಿಕೊಳ್ಳಿ ಅಂತ. ಲೆಕ್ಕ ಅಧ್ಯಕ್ಷರ ಹತ್ತಿರ ಇದೆ, ಯಾರು ಬೇಕಾದರೂ ನೋಡಬಹುದು.

ಹೊಂಗೆ ಮರಗಳಿಂದ ಕಿತ್ತ ಬೋರ್ಡು 53. ಮೇಷ್ಟ್ರು ಮತ್ತು 87ರ ಸರ್ ಇಬ್ಬರೇ ಏಣಿ ಹಿಡಿದು ಮಧ್ಯಾಹ್ನದ ತನಕ ಮೊಳೆ ಕಿತ್ತರು. ಕೆಲವು ಮೊಳೆ ತೊಗಟೆಯೊಳಗೆ ಮುಳುಗಿಹೋಗಿದ್ದವು, ಸುತ್ತಿಗೆಯ ಹಿಂಬದಿ ಹಾಕಿ ಮೆಲ್ಲಗೆ ಎಳೆದರೆ ಅಂಟು ಸಮೇತ ಈಚೆ ಬಂತು. ಗುಜರಿಗೆ ಹಾಕಿದ ದುಡ್ಡಿನಲ್ಲಿ ಕೆಲಸದವರಿಗೆಲ್ಲ ಕಾಫಿ, ತಿಂಡಿ ಆಯಿತು. ಬಸ್ ಸ್ಟಾಪ್ ಹತ್ತಿರದ ಅಂಗಡಿಯವರು ತಮ್ಮ ಗೋಡೆಯಲ್ಲಿ ಒಂದು ಬೋರ್ಡ್‌ಗೆ ಜಾಗ ಕೊಟ್ಟಿದ್ದಾರೆ. ಬ್ರೋಕರ್‌ಗಳೆಲ್ಲ ಅಲ್ಲೇ ಚೀಟಿ ಅಂಟಿಸಲಿ, ಬಾಡಿಗೆ ಹುಡುಕುವವರಿಗೂ ಒಂದೇ ಕಡೆ ಸಿಗುತ್ತದೆ.

ಬ್ರೋಕರ್, 6ನೇ ಕ್ರಾಸ್ – 6:41

ಉಳಿದ ಏಳು ಜನರಲ್ಲಿ ಇಬ್ಬರು ಈಗಷ್ಟೇ ಒಪ್ಪಿದರು, ಫೋಟೋ ನೋಡಿ. ಗೊತ್ತಿಲ್ಲದ 15 ಸೈಟಿಗೆ ಇಸಿ ತೆಗೆಸಲು ಸೈಟ್ ನಂಬರ್ ವಕೀಲರಿಗೆ ಕೊಟ್ಟಿದ್ದೇನೆ. ಹೆಸರು ಸಿಕ್ಕರೆ ನಮ್ಮ ಕಸುಬಿನವರಲ್ಲಿ ಯಾರಾದರೂ ಒಬ್ಬರಿಗೆ ಗೊತ್ತೇ ಇರುತ್ತಾರೆ.

ಮನೆ 31, ವಕೀಲರು – 6:55

ಸಿಎ ಸೈಟಿನ ದೂರು ತಯಾರಿದೆ, ಬೋರ್ಡಿನ ಫೋಟೋ ಸಮೇತ. ನಾಳೆ ಸಂಜೆ 6ರಿಂದ 8ರ ತನಕ ನಮ್ಮ ಮನೆಯಲ್ಲಿ ಸಹಿ ಹಾಕಬಹುದು. ಬಾಡಿಗೆಯವರೂ ಹಾಕಿ, ಎಲ್ಲರೂ ನಿವಾಸಿಗಳೇ.

ಮನೆ 203, 6ನೇ ಕ್ರಾಸ್, ಮಹಡಿ – 6:57

ಮೊದಲ ಸಹಿ ನನ್ನದು ಸರ್.

ಮನೆ 87 – 7:05

ಮುಂದಿನ ಭಾನುವಾರ 6, 7, 8ನೇ ಕ್ರಾಸ್. ಬೆಳಿಗ್ಗೆ 6:30ಕ್ಕೆ ಗಾಡಿ ಬರುತ್ತದೆ. ಕೆಂಪು ಬಟ್ಟೆ ಖಾಲಿಯಾಗಿದೆ, ಯಾರ ಮನೆಯಲ್ಲಾದರೂ ಹಳೆಯದು ಇದ್ದರೆ ತನ್ನಿ. ಏಣಿ ನಾನು ತರುತ್ತೇನೆ.