ತೂಕ 71 ಕೆಜಿಗೆ ಬಂದು ನಿಂತಿದೆ, ಮನೆ ಅಡುಗೆಯನ್ನು ಸರಿಯಾಗಿ ಅಳೆಯುವುದು ಹೇಗೆ?

ಮಳೆಹಾಡಿ (ಹೊಸನಗರ):
ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಎತ್ತರ 157 ಸೆಂ.ಮೀ. ಮೊದಲು 78 ಕೆಜಿ ಇದ್ದೆ. ಊಟ ಕಡಿಮೆ ಮಾಡಿ 71ಕ್ಕೆ ಬಂದೆ. ಅಲ್ಲಿಂದ ಮುಂದೆ ಕದಲುತ್ತಿಲ್ಲ, ತಿಂಗಳ ಮೇಲಾಯಿತು. ತಿಂದದ್ದನ್ನೆಲ್ಲ ಮೊಬೈಲ್ ಆ್ಯಪ್‌ನಲ್ಲಿ ಬರೆಯುತ್ತೇನೆ. ದಿನಕ್ಕೆ 1,450 ಕ್ಯಾಲೊರಿ ಎಂದು ತೋರಿಸುತ್ತದೆ.

ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ ಅಥವಾ ನಾಲ್ಕು ನೀರು ದೋಸೆ, ಕಾಯಿ ಚಟ್ನಿ. ಮಧ್ಯಾಹ್ನ ಎರಡು ಸೌಟು ಅನ್ನ, ತಂಬುಳಿ, ಹುಳಿ, ಪಲ್ಯ, ಮಜ್ಜಿಗೆ. ಸಂಜೆ ಸಕ್ಕರೆ ಇಲ್ಲದ ಚಹಾ. ರಾತ್ರಿ ಒಂದು ಸೌಟು ಅನ್ನ, ಸಾರು. ದೋಸೆಗೆ ಜೋನಿಬೆಲ್ಲ ಹಾಕಿಕೊಳ್ಳುವುದನ್ನೂ ಬಿಟ್ಟಿದ್ದೇನೆ.

ಐದು ಜನರ ಮನೆ. ಅತ್ತೆ, ನಾನು ಸೇರಿ ಅಡುಗೆ ಮಾಡುತ್ತೇವೆ. ನನಗೊಬ್ಬಳಿಗೆ ಬೇರೆ ಪಾತ್ರೆ ಇಡುವುದು ಆಗದ ಮಾತು. ಡಿಜಿಟಲ್ ತಕ್ಕಡಿ ತಂದಿಟ್ಟಿದ್ದೇನೆ. ಆದರೆ ಎಲ್ಲರಿಗೂ ಒಟ್ಟಿಗೆ ಮಾಡಿದ ಹುಳಿಯಲ್ಲಿ ನನ್ನ ಪಾಲು ಎಷ್ಟು ಎಂದು ಅಳೆಯುವುದು ಹೇಗೆ?

ಸಾಗರದವ:
ಅಕ್ಕ, ತೂಕ ನಿಜವಾಗಿ ನಿಂತಿದೆಯಾ ಎಂದು ಮೊದಲು ನೋಡಿ. ಒಂದೊಂದು ದಿನದ ತೂಕ ನಂಬಬೇಡಿ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದಿದ್ದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲೂ ಹಾಗೇ. ಒಂದೆರಡು ಕೆಜಿ ಹಿಂದೆ ಮುಂದೆ ಆಗುವುದು ಮಾಮೂಲು. ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ, ದಿನಾ ಒಂದೇ ಜಾಗದಲ್ಲಿ ಗಟ್ಟಿ ನೆಲದ ಮೇಲೆ ತೂಗಿ. ವಾರದ ಸರಾಸರಿ ಬರೆದಿಡಿ. ಈ ತಿಂಗಳ ಸರಾಸರಿಯನ್ನು ಹೋದ ತಿಂಗಳಿನದಕ್ಕೆ ಹೋಲಿಸಿ.

ಇನ್ನು ಮೂರು ಪ್ರಶ್ನೆ. ಆ್ಯಪ್‌ನಲ್ಲಿ ಅನ್ನಕ್ಕೆ ಯಾವ ಲೆಕ್ಕ ಹಾಕುತ್ತೀರಿ, ಅಕ್ಕಿಯದೋ ಬೆಂದ ಅನ್ನದ್ದೋ? ನಿಮ್ಮ ಮನೆಯ ಒಂದು ಸೌಟು ಅನ್ನ ಎಷ್ಟು ಗ್ರಾಂ? ಎಣ್ಣೆ ಹೇಗೆ ಅಳೆಯುತ್ತೀರಿ?

ಮಳೆಹಾಡಿ:
ವಾರದ ಸರಾಸರಿಯನ್ನೇ ನೋಡುತ್ತಿದ್ದೇನೆ, ನಾಲ್ಕು ವಾರ ಪೂರ್ತಿ ಅಲ್ಲೇ ಇದೆ. ಅನ್ನಕ್ಕೆ ಬೆಂದ ಲೆಕ್ಕ, ಸೌಟಿಗೆ 100 ಗ್ರಾಂ ಎಂದು. ಎಣ್ಣೆ ದಿನಕ್ಕೆ ಎರಡು ಸಣ್ಣ ಚಮಚ ಎಂದು ಬರೆಯುತ್ತೇನೆ. ಹುಳಿಗೆ ಆ್ಯಪ್‌ನಲ್ಲಿ 'ಸಾಂಬಾರ್, ಒಂದು ಬಟ್ಟಲು' ಎಂಬುದನ್ನು ಆರಿಸುತ್ತೇನೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ. ದೇಹವೇ ಕಡಿಮೆ ಊಟಕ್ಕೆ ಒಗ್ಗಿಹೋಗಿದೆ ಎಂದು ಕೆಲವರು ಹೇಳುತ್ತಾರೆ. ಅದು ನಿಜವೇ?

ತುಂಗಾತೀರ (ತೀರ್ಥಹಳ್ಳಿ):
ಸ್ವಲ್ಪ ನಿಜ. ತೂಕ ಇಳಿದ ಹಾಗೆ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಆದರೆ 7 ಕೆಜಿ ಇಳಿದವರಿಗೆ ಆ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ ಮನೆಗೆಲಸವನ್ನೂ ಸೇರಿಸಿದರೆ ಸುಮಾರು 1,900 ಕ್ಯಾಲೊರಿ ಖರ್ಚಾಗಬೇಕು. ನಿಜವಾಗಿ 1,450 ತಿನ್ನುತ್ತಿದ್ದರೆ ಒಂದು ತಿಂಗಳಲ್ಲಿ ತೂಕ ಇಳಿಯಲೇಬೇಕಿತ್ತು. ಹಾಗಾಗಿ ನೋಡಬೇಕಾದ್ದು ಅಳತೆಯನ್ನು.

ಇದು ನಿಮ್ಮೊಬ್ಬರ ಕಥೆಯಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಕರೆದು ಪರೀಕ್ಷಿಸಿದರು. ಅವರ ದೇಹ ಶಕ್ತಿ ಖರ್ಚು ಮಾಡುವ ರೀತಿ ಸರಿಯಾಗಿಯೇ ಇತ್ತು. ಆದರೆ ಅವರು ಬರೆದುಕೊಂಡದ್ದಕ್ಕೂ ನಿಜವಾಗಿ ತಿಂದದ್ದಕ್ಕೂ ಸರಾಸರಿ ಶೇ. 47ರಷ್ಟು ಅಂತರ ಇತ್ತು. ಸುಳ್ಳು ಬರೆದರು ಅಂತಲ್ಲ. ಕಣ್ಣಂದಾಜು ಇರುವುದೇ ಹಾಗೆ.

ನಮ್ಮ ಮಲೆನಾಡಿನ ಅಡುಗೆಯಲ್ಲಿ ಲೆಕ್ಕ ತಪ್ಪಿಸುವುದು ಮುಖ್ಯವಾಗಿ ಮೂರು: ಕಾಯಿ, ಎಣ್ಣೆ, ಅನ್ನದ ಸೌಟು. 100 ಗ್ರಾಂ ಹಸಿ ಕಾಯಿತುರಿಯಲ್ಲಿ 350ರಿಂದ 400 ಕ್ಯಾಲೊರಿ ಇದೆ. ಹೆಚ್ಚುಕಮ್ಮಿ ಅಷ್ಟೇ ತೂಕದ ಅಕ್ಕಿಯಷ್ಟು! ಚಟ್ನಿಗೆ ಕಾಯಿ, ತಂಬುಳಿಗೆ ಕಾಯಿ, ಹುಳಿಗೆ ರುಬ್ಬಿದ ಕಾಯಿ, ಪಲ್ಯದ ಮೇಲೆ ಮತ್ತೆ ಕಾಯಿ. ಆ್ಯಪ್‌ನಲ್ಲಿರುವ ಸಾಂಬಾರ್ ಯಾವುದೋ ಊರಿನ ಬೇಳೆ ಸಾರು. ನಿಮ್ಮ ಹುಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಇವತ್ತೇ ಬಿಡಿ.

ಬೇರೆ ಪಾತ್ರೆ ಇಡುವುದು ಬೇಡ. ತಟ್ಟೆಯ ಬದಲು ಪಾತ್ರೆಯನ್ನೇ ಅಳೆಯಿರಿ. ಹುಳಿ ಮಾಡುವ ಪಾತ್ರೆಯ ಬರಿ ತೂಕವನ್ನು ಒಮ್ಮೆ ನೋಡಿ ಬರೆದು ಅಡುಗೆಮನೆ ಕಪಾಟಿನ ಬಾಗಿಲಿಗೆ ಅಂಟಿಸಿ. ಅಡುಗೆ ಮಾಡುವಾಗ ಒಳಗೆ ಹಾಕುವುದನ್ನು ಹಸಿಯಾಗಿಯೇ ತೂಗಿ. ಉದಾಹರಣೆಗೆ ತೊಗರಿಬೇಳೆ 120 ಗ್ರಾಂ (ಸುಮಾರು 400 ಕ್ಯಾಲೊರಿ), ಕಾಯಿತುರಿ 130 ಗ್ರಾಂ (480), ಒಗ್ಗರಣೆ ಎಣ್ಣೆ 15 ಗ್ರಾಂ (135), ಬೆಲ್ಲ 20 ಗ್ರಾಂ (75), ತರಕಾರಿ 400 ಗ್ರಾಂ (80). ಒಟ್ಟು 1,170. ಕುದಿಸಿ ಇಳಿಸಿದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. 1,850 ಗ್ರಾಂ ಹುಳಿ ಬಂತು ಅನ್ನಿ. 1,170ನ್ನು 1,850ರಿಂದ ಭಾಗಿಸಿದರೆ 100 ಗ್ರಾಂಗೆ 63 ಕ್ಯಾಲೊರಿ. ಈಗ ನಿಮ್ಮ ಬಟ್ಟಲಿಗೆ ಬಡಿಸಿಕೊಂಡದ್ದನ್ನು ಮಾತ್ರ ತೂಗಿದರೆ ಸಾಕು. ಉಳಿದ ನಾಲ್ವರು ಎಷ್ಟು ಉಂಡರೂ ನಿಮ್ಮ ಲೆಕ್ಕ ಕೆಡುವುದಿಲ್ಲ.

ಅನ್ನಕ್ಕೂ ಇದೇ ದಾರಿ. ಗಂಜಿ ಬಸಿದು ಮಾಡುವ ಅನ್ನಕ್ಕೂ ಕುಕ್ಕರ್ ಅನ್ನಕ್ಕೂ ನೀರಿನಂಶ ಬೇರೆ. ಒಂದು ಕೆಜಿ ಅಕ್ಕಿ ಎರಡೂವರೆ ಕೆಜಿಯೂ ಆಗಬಹುದು, ಮೂರು ಕೆಜಿಯೂ ಆಗಬಹುದು. ನಿಮ್ಮ ಮನೆಯ ಅಕ್ಕಿಗೆ, ನೀವು ಮಾಡುವ ರೀತಿಗೆ ಎಷ್ಟು ಪಟ್ಟು ಎಂದು ಎರಡು ಮೂರು ಸಲ ತೂಗಿದರೆ ತಿಳಿಯುತ್ತದೆ. 400 ಗ್ರಾಂ ಅಕ್ಕಿ 1,080 ಗ್ರಾಂ ಅನ್ನ ಆದರೆ 2.7 ಪಟ್ಟು. ಆಗ 270 ಗ್ರಾಂ ಅನ್ನದಲ್ಲಿ 100 ಗ್ರಾಂ ಅಕ್ಕಿಯ ಕ್ಯಾಲೊರಿ, ಅಂದರೆ 356. ಈ 356 ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದ ಲೆಕ್ಕ. ಆ ಪುಸ್ತಕದಲ್ಲಿ ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿಕೊಳ್ಳಿ. ನಮ್ಮ ಕಡೆಯ ಧಾನ್ಯ, ಕಾಯಿಪಲ್ಲೆಗೆ ಆ್ಯಪ್‌ನಲ್ಲಿ ಯಾರೋ ತುಂಬಿಸಿದ ಅಂಕಿಗಿಂತ ಅದನ್ನು ನಂಬಬಹುದು.

ಲೋಟದಲ್ಲಿ ಅಕ್ಕಿ ಅಳೆಯುವವರಿಗೂ ಒಂದು ಮಾತು. 200 ಮಿ.ಲೀ. ಲೋಟಕ್ಕೆ ಅಕ್ಕಿ ತುಂಬಿ ಬಾಯಿ ಸಮ ಮಾಡಿದರೆ ಸುಮಾರು 160 ಗ್ರಾಂ. ಅದೇ ಲೋಟವನ್ನು ಗೋಪುರ ಬರುವ ಹಾಗೆ ತುಂಬಿದರೆ ಇನ್ನೂ 30–40 ಗ್ರಾಂ ಸುಲಭವಾಗಿ ಸೇರುತ್ತದೆ. ಅತ್ತೆ ಅಳೆಯುವ ಲೋಟ, ಸೊಸೆ ಅಳೆಯುವ ಲೋಟ ಒಂದೇ ಆದರೂ ಅಕ್ಕಿ ಒಂದೇ ಇರುವುದಿಲ್ಲ.

ಎಣ್ಣೆಯನ್ನು ಚಮಚದಲ್ಲಿ ಲೆಕ್ಕ ಹಾಕಬೇಡಿ. ಒಗ್ಗರಣೆ ಸೌಟಿಗೆ, ರೊಟ್ಟಿ ಕಾವಲಿಯ ಸುತ್ತ ಬಿಡುವುದಕ್ಕೆ ಯಾರು ಚಮಚ ಎಣಿಸುತ್ತಾರೆ? ವಾರದ ಮೊದಲ ದಿನ ಎಣ್ಣೆ ಡಬ್ಬ ತೂಗಿ, ವಾರದ ಕೊನೆಗೆ ಮತ್ತೆ ತೂಗಿ. ಕರಿದು ಉಳಿದ ಎಣ್ಣೆ ಇದ್ದರೆ ಕಳೆಯಿರಿ. ಜನ ಮತ್ತು ದಿನದಿಂದ ಭಾಗಿಸಿ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ತೆಂಗಿನೆಣ್ಣೆಯಾದರೂ ಶೇಂಗಾ ಎಣ್ಣೆಯಾದರೂ ಅಷ್ಟೇ.

ಸೌತೆಕಾಯಿ, ಹರಿವೆ ಸೊಪ್ಪು, ನೀರು ಮಜ್ಜಿಗೆ ಇವನ್ನೆಲ್ಲ ಗ್ರಾಂ ಲೆಕ್ಕದಲ್ಲಿ ತೂಗುತ್ತಾ ಕೂರಬೇಡಿ. ಅಲ್ಲಿ ಹತ್ತು ಇಪ್ಪತ್ತು ಕ್ಯಾಲೊರಿ ಹೆಚ್ಚುಕಮ್ಮಿ ಆದರೆ ಏನೂ ಆಗುವುದಿಲ್ಲ. ಸುಮ್ನೆ ಬೇಸರ ಬಂದು ಎಲ್ಲವನ್ನೂ ಬಿಡುವಂತಾಗುತ್ತದೆ.

ತೂಕದಕಲ್ಲು (ಶಿವಮೊಗ್ಗ):
ತಕ್ಕಡಿ ರಿಪೇರಿ ಮಾಡುವವನು ನಾನು, ಅದರ ಬಗ್ಗೆ ನಾಲ್ಕು ಮಾತು. ಹತ್ತು ರೂಪಾಯಿಯ ಹತ್ತು ನಾಣ್ಯ ಇಡಿ, ಸುಮಾರು 77 ಗ್ರಾಂ ತೋರಿಸಬೇಕು. ತೋರಿಸದಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ನಾಲ್ಕು ಕಾಲೂ ನೆಲಕ್ಕೆ ಸರಿಯಾಗಿ ಕೂತಿವೆಯಾ ನೋಡಿ.

ಬಿಸಿ ಪಾತ್ರೆಯನ್ನು ನೇರವಾಗಿ ಇಡಬೇಡಿ. ಒಳಗಿನ ತೂಕ ಹಿಡಿಯುವ ಭಾಗಕ್ಕೆ ಶಾಖ ತಾಗಿದರೆ ಅಂಕಿ ಓಡಾಡುತ್ತದೆ. ಒಂದು ಮರದ ಮಣೆ ಇಟ್ಟು ಸೊನ್ನೆ ಮಾಡಿ, ಅದರ ಮೇಲೆ ಪಾತ್ರೆ ಇಡಿ. ಹೆಚ್ಚಿನ ತಕ್ಕಡಿಗಳ ಮಿತಿ 5 ಕೆಜಿ, ಮಣೆಯ ತೂಕವೂ ಅದರಲ್ಲಿ ಸೇರುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ತುಂಬಾ ಜನಕ್ಕೆ ತಿಳಿಯದ ವಿಷಯ. ತಕ್ಕಡಿಯ ಮೇಲೆ ಬಟ್ಟಲಿಟ್ಟು ಎಣ್ಣೆಯನ್ನೋ ತುಪ್ಪವನ್ನೋ ನಿಧಾನವಾಗಿ ಹನಿ ಹನಿ ಬಿಟ್ಟರೆ ಕೆಲವು ತಕ್ಕಡಿ ಸೊನ್ನೆಯಲ್ಲೇ ನಿಂತಿರುತ್ತದೆ. ಸಣ್ಣ ಬದಲಾವಣೆಯನ್ನು ಅದು ತಾನೇ ಸೊನ್ನೆಗೆ ಸರಿಪಡಿಸಿಕೊಳ್ಳುತ್ತದೆ. ಅದಕ್ಕೇ ತುಪ್ಪದ ಡಬ್ಬವನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಚಮಚದಲ್ಲಿ ತೆಗೆಯಿರಿ. ಕಡಿಮೆಯಾದ ತೂಕ ಮೈನಸ್ ಗುರುತಿನಲ್ಲಿ ಬರುತ್ತದೆ. ಅದೇ ನೀವು ತೆಗೆದದ್ದು. ಮಿ.ಲೀ. ಗುಂಡಿ ಒತ್ತಿ ಎಣ್ಣೆ ಅಳೆಯಬೇಡಿ, ಅದು ನೀರಿನ ಲೆಕ್ಕ. ಎಣ್ಣೆ ನೀರಿಗಿಂತ ಹಗುರ, 15 ಮಿ.ಲೀ. ಎಣ್ಣೆ ಸುಮಾರು 14 ಗ್ರಾಂ ಮಾತ್ರ.

ಮಳೆಹಾಡಿ:
ಎಲ್ಲರಿಗೂ ಧನ್ಯವಾದ. ಒಂದು ವಾರ ಹೇಳಿದ ಹಾಗೇ ಮಾಡಿ ನೋಡಿದೆ. ಎಣ್ಣೆ ವಾರಕ್ಕೆ 1,050 ಗ್ರಾಂ ಹೋಗಿದೆ. ಐದು ಜನ, ಏಳು ದಿನ, ತಲೆಗೆ ದಿನಕ್ಕೆ 30 ಗ್ರಾಂ. ಬರೆಯುತ್ತಿದ್ದದ್ದು 10 ಗ್ರಾಂ. ಅಲ್ಲೇ 180 ಕ್ಯಾಲೊರಿ ಅಂತರ. ಸೌಟು ಅನ್ನ 100 ಅಲ್ಲ, 145 ಗ್ರಾಂ. ಮೂರು ಸೌಟಿಗೆ ಸುಮಾರು 175. ಹುಳಿ, ಚಟ್ನಿ, ತಂಬುಳಿಯ ಕಾಯಿಯಿಂದ ಇನ್ನೂ 120. ಎಲ್ಲ ಸೇರಿ 1,925 ಆಯಿತು!

ಅತ್ತೆ ಮೊದಲು ಇದೇನು ಎಂದು ಕೇಳಿದರು. ಈಗ ಅವರೇ ಕಾಯಿ ತುರಿದು ತಕ್ಕಡಿಯ ಮೇಲಿಟ್ಟು ಅಂಕಿ ಓದಿ ಹೇಳುತ್ತಾರೆ. ಈಗ ಎಲ್ಲಿ ಕಡಿಮೆ ಮಾಡಲಿ?

ತುಂಗಾತೀರ:
ತುಂಬಾ ಸಂತೋಷ. ಒಂದೇ ಸಲ 1,200ಕ್ಕೆ ಇಳಿಸಬೇಡಿ. 1,600ರ ಹತ್ತಿರ ಇರಲಿ. ದಿನಕ್ಕೆ 300 ಕ್ಯಾಲೊರಿ ಕಡಿಮೆಯಾದರೂ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಕೆಜಿ ಇಳಿಯುತ್ತದೆ. ಅನ್ನವನ್ನು ಸೌಟು ಬಿಟ್ಟು ಗ್ರಾಂನಲ್ಲಿ ಬಡಿಸಿಕೊಳ್ಳಿ, ಮಧ್ಯಾಹ್ನ 200, ರಾತ್ರಿ 120. ರೊಟ್ಟಿಯನ್ನು ಎಣ್ಣೆ ಬಿಡದೆ ಸುಡಿ. ಕಾಯಿ ಹುಳಿಗೆ ಇರಲಿ, ಪಲ್ಯದ ಮೇಲೆ ಬೇಡ. ಹುಳಿಯಲ್ಲಿ ಕಾಯಿ ಕಡಿಮೆ ಮಾಡಿದರೆ ಮನೆಯವರೆಲ್ಲರ ಊಟ ಸಪ್ಪೆಯಾಗುತ್ತದೆ, ನಿಮಗೂ ನಾಲ್ಕು ದಿನಕ್ಕೆ ಸಾಕೆನಿಸುತ್ತದೆ. ತಂಬುಳಿಗೆ ಕಾಯಿ ಅರ್ಧ ಮಾಡಿ ಮಜ್ಜಿಗೆ ಜಾಸ್ತಿ ಹಾಕಬಹುದು, ಒಂದೆಲಗದ ತಂಬುಳಿಗೆ ರುಚಿ ಏನೂ ಕೆಡುವುದಿಲ್ಲ. ಬೇಳೆ, ಮೊಸರು, ಕಾಳು ಮಾತ್ರ ಕಡಿಮೆ ಮಾಡಬೇಡಿ.

ಕಾಫಿತೋಟ (ಕೊಪ್ಪ):
ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ, ಮಾತ್ರೆ ಜೊತೆ ಇನ್ಸುಲಿನ್ ಕೂಡ ಇದೆ. ಅವರ ಅನ್ನವನ್ನೂ ಹೀಗೆ ತೂಗಿ ಕಡಿಮೆ ಮಾಡಬಹುದಾ?

ತುಂಗಾತೀರ:
ತೂಗಿ ಬರೆಯಿರಿ, ಆದರೆ ನೀವಾಗಿಯೇ ಕಡಿಮೆ ಮಾಡಬೇಡಿ. ಇನ್ಸುಲಿನ್ ಅಷ್ಟೇ ಇದ್ದು ಅನ್ನ ಕಡಿಮೆಯಾದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು, ಪ್ರಜ್ಞೆಯೂ ತಪ್ಪಬಹುದು. ಒಂದು ವಾರ ಬರೆದ ಚೀಟಿಯನ್ನು ಅವರ ಡಾಕ್ಟರಿಗೆ ತೋರಿಸಿ. ಊಟ ಮತ್ತು ಔಷಧ ಎರಡನ್ನೂ ಅವರು ಒಟ್ಟಿಗೆ ಹೊಂದಿಸಿ ಕೊಡುತ್ತಾರೆ.

ಮಳೆಹಾಡಿ:
ಕೊನೆಯದಾಗಿ ಒಂದು. ಮಳೆಗಾಲ ಶುರುವಾದರೆ ನಮ್ಮಲ್ಲಿ ಹಲಸಿನ ಹಪ್ಪಳ ಕರಿಯದ ದಿನ ಇಲ್ಲ. ಹಪ್ಪಳ ಎಷ್ಟು ಎಣ್ಣೆ ಕುಡಿಯಿತು ಎಂದು ಹೇಗೆ ತಿಳಿಯುವುದು? ಕರಿಯುವ ಮುಂಚೆ, ಆಮೇಲೆ ಹಪ್ಪಳವನ್ನೇ ತೂಗಿದರೆ ಸಾಕಾ?

ಸಾಗರದವ:
ಸಾಲದು ಅಕ್ಕ. ಕರಿಯುವಾಗ ಹಪ್ಪಳದಿಂದ ನೀರು ಹೋಗುತ್ತದೆ, ಎಣ್ಣೆ ಒಳಗೆ ಬರುತ್ತದೆ. ಒಂದು ಹೋಗಿ ಇನ್ನೊಂದು ಬಂದಾಗ ತೂಕದಲ್ಲಿ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಬಾಣಲೆಯನ್ನು ಎಣ್ಣೆ ಸಮೇತ ಒಲೆಗೆ ಇಡುವ ಮುಂಚೆ ತೂಗಿ. ಎಲ್ಲ ಕರಿದು ಪೂರ್ತಿ ತಣ್ಣಗಾದ ಮೇಲೆ ಮತ್ತೆ ತೂಗಿ. ಕಡಿಮೆಯಾದದ್ದನ್ನು ಹಪ್ಪಳದ ಸಂಖ್ಯೆಯಿಂದ ಭಾಗಿಸಿ. ಅದಕ್ಕೆ ಹಸಿ ಹಪ್ಪಳದ ತೂಕದ ಲೆಕ್ಕವನ್ನೂ ಸೇರಿಸಿ. ಕೆಂಡದ ಮೇಲೆ ಸುಟ್ಟ ಹಪ್ಪಳಕ್ಕೆ ಈ ಲೆಕ್ಕವೇ ಬೇಡ, ಹಸಿ ಹಪ್ಪಳದ್ದೊಂದೇ ಸಾಕು.