ಅಡಿಕೆ ಸೈಟ್ ಗೂಗಲ್‌ನಲ್ಲಿ ಮೇಲೆ ಬರ್ತಿಲ್ಲ, ಬ್ಯಾಕ್‌ಲಿಂಕ್ ದುಡ್ಡು ಕೊಟ್ಟು ತಗೋಬಹುದಾ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ದು ಶಿರಸಿ ಕಡೆ. ಅಡಿಕೆ ತೋಟದ ಬಗ್ಗೆ ಕನ್ನಡದಲ್ಲೇ ಒಂದು ವೆಬ್‌ಸೈಟ್ ನಡೆಸ್ತಾ ಇದೀನಿ, ವರ್ಡ್‌ಪ್ರೆಸ್‌ನಲ್ಲಿ. ಕೊಳೆರೋಗ, ಎಲೆಚುಕ್ಕಿ ರೋಗ, ಬೋರ್ಡೋ ದ್ರಾವಣ ತಯಾರಿಸೋದು, ಬಸಿಗಾಲುವೆ ತೆಗೆಯೋದು ಹೀಗೆ ತೋಟದಲ್ಲಿ ನಾವೇ ಮಾಡಿ ನೋಡಿದ್ದನ್ನ ಬರೀತೀನಿ, ಫೋಟೋಗಳೂ ನಮ್ಮವೇ.

ಸಮಸ್ಯೆ ಏನಂದ್ರೆ ಗೂಗಲ್‌ನಲ್ಲಿ "ಅಡಿಕೆ ಕೊಳೆರೋಗಕ್ಕೆ ಔಷಧಿ" ಅಂತ ಹುಡುಕಿದ್ರೆ ನಮ್ಮ ಲೇಖನ ಎಲ್ಲೋ ಮೂರನೇ ಪುಟದಲ್ಲಿ ಸಿಗುತ್ತೆ. ಮೇಲೆ ಬರೋ ಸೈಟ್‌ಗಳಲ್ಲಿ ಒಂದ್ರಲ್ಲಂತೂ ಮೈಲುತುತ್ತು ಎಷ್ಟು ಸುಣ್ಣ ಎಷ್ಟು ಅನ್ನೋ ಅಳತೆನೇ ಇಲ್ಲ, ಇಂಗ್ಲಿಷಿಂದ ಮಷಿನ್ ಟ್ರಾನ್ಸ್‌ಲೇಷನ್ ಮಾಡಿ ಹಾಗೇ ಅಂಟಿಸಿದಾರೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ ಒಂದು ಸಾಲು ಬರೆಯೋಕೂ ಆಗಿಲ್ಲ ಅವ್ರಿಗೆ. ಮಳೆ ಹಿಡಿಯೋ ಮುಂಚೆ ಮದ್ದು ಹೊಡೀಬೇಕು ಅಂತ ಅವಸರದಲ್ಲಿ ಹುಡುಕೋ ರೈತರಿಗೆ ಮೊದಲು ಸಿಗೋದು ಅದೇ ಪುಟ, ನನಗೆ ಬೇಜಾರಾಗೋದು ಅದಕ್ಕೇ.

ಈಗ ಒಬ್ರು ವಾಟ್ಸಾಪ್‌ನಲ್ಲಿ ಮೆಸೇಜ್ ಮಾಡಿ ಐದು ಸಾವಿರ ಕೊಟ್ರೆ ಸಾವಿರ ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಲಿಂಕ್) ಹಾಕಿಸ್ಕೊಡ್ತೀವಿ, ಮೊದಲನೇ ಪುಟ ಗ್ಯಾರಂಟಿ ಅಂತಿದಾರೆ. ಈ ಲಿಂಕ್‌ಗಳಿಂದ ನಿಜವಾಗ್ಲೂ ರ್‍ಯಾಂಕ್ ಬದಲಾಗುತ್ತಾ, ಆಗೋದಾದ್ರೆ ಹೇಗೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಸರ್ವರ್_ರೂಮ್:

ದಯವಿಟ್ಟು ಆ ದುಡ್ಡು ಕೊಡಬೇಡಿ ಸರ್. ಯಾಕೆ ಅಂತ ಬುಡದಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಗೂಗಲ್ ಬರೋ ಮುಂಚೆ ಆಲ್ಟಾವಿಸ್ಟಾ ಥರದ ಸರ್ಚ್ ಎಂಜಿನ್‌ಗಳು ಇದ್ವು, ಅವು ಹೆಚ್ಚಾಗಿ ಪುಟದೊಳಗೆ ಯಾವ ಪದ ಎಷ್ಟು ಸಲ ಇದೆ ಅಂತ ನೋಡ್ತಿದ್ವು, ಅದಕ್ಕೆ ಜನ ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ಅದೇ ಪದ ನೂರಾರು ಸಲ ತುಂಬಿಸಿ ಮೇಲೆ ಬರ್ತಿದ್ರು. 1996ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲ್ಯಾರಿ ಪೇಜ್ ಮತ್ತೆ ಸರ್ಗೆ ಬ್ರಿನ್ ಬ್ಯಾಕ್‌ರಬ್ ಅಂತ ಒಂದು ಪ್ರಾಜೆಕ್ಟ್ ನಡೆಸ್ತಿದ್ರು, ಮುಂದೆ ಅದೇ ಗೂಗಲ್ ಆಯ್ತು. ಪುಟ ತನ್ನ ಬಗ್ಗೆ ತಾನು ಏನು ಹೇಳ್ಕೊಳ್ಳುತ್ತೆ ಅನ್ನೋದ್ರ ಜೊತೆಗೆ ಬೇರೆಯವರು ಅದನ್ನ ಎಷ್ಟು ತೋರಿಸ್ತಾರೆ ಅಂತ ನೋಡೋಣ ಅನ್ನೋದು ಅವ್ರ ಯೋಚನೆ. ವಿಜ್ಞಾನಿಗಳ ಪ್ರಬಂಧಗಳನ್ನ ಬೇರೆ ವಿಜ್ಞಾನಿಗಳು ಎಷ್ಟು ಉಲ್ಲೇಖ ಮಾಡ್ತಾರೆ ಅಂತ ಲೆಕ್ಕ ಹಾಕೋ ಪದ್ಧತಿ ಮೊದಲೇ ಇತ್ತಲ್ಲ, ಅದೇ ದಾರಿ. ಅದಕ್ಕೆ ಪೇಜ್‌ರ್‍ಯಾಂಕ್ ಅಂತ ಹೆಸರಿಟ್ರು, 1998ರಲ್ಲಿ ಪ್ರಬಂಧವಾಗಿ ಬಂತು.

ಇಲ್ಲಿ ಮುಖ್ಯವಾದ ವಿಷ್ಯ, ಎಲ್ಲಾ ಲಿಂಕೂ ಒಂದೇ ತೂಕದ್ದಲ್ಲ. ಒಳ್ಳೆ ಅಡಿಕೆ ಸಸಿ ಎಲ್ಲಿ ಸಿಗುತ್ತೆ ಅಂತ ಕೇಳಿದಾಗ ಊರಲ್ಲಿ ಹತ್ತು ಜನ ಹತ್ತು ಹೇಳ್ತಾರೆ, ಆದ್ರೆ ಎಲ್ಲರೂ ಯಾರ ಹತ್ರ ಹೋಗಿ ಕೇಳ್ತಾರೋ ಆ ಹಳೇ ಬೆಳೆಗಾರರು ಒಂದು ನರ್ಸರಿ ಹೆಸರು ಹೇಳಿದ್ರೆ ಆ ಮಾತಿನ ಬೆಲೆನೇ ಬೇರೆ.

ಲೆಕ್ಕದಲ್ಲಿ ನೋಡಿ. ಈ ಪದ್ಧತಿಯಲ್ಲಿ ಪ್ರತಿ ಪುಟಕ್ಕೂ ಒಂದು ಅಂಕ ಇರುತ್ತೆ. ಒಂದು ಪುಟ ತನಗಿರೋ ಅಂಕದಲ್ಲಿ 0.85 ಪಾಲನ್ನ ಮುಂದಕ್ಕೆ ಕೊಡುತ್ತೆ, ಅದು ಆ ಪುಟದಲ್ಲಿರೋ ಲಿಂಕ್‌ಗಳಿಗೆಲ್ಲ ಸಮವಾಗಿ ಹಂಚಿ ಹೋಗುತ್ತೆ. ಯಾರೂ ಲಿಂಕ್ ಕೊಡದ ಪುಟಕ್ಕೂ 0.15 ಅಂತ ಒಂದು ಕನಿಷ್ಠ ಅಂಕ ಇರುತ್ತೆ. ಈಗ ನಿಮಗೆ ಮಾರೋಕೆ ಬಂದಿರೋ ಲಿಂಕ್ ಇರೋದು ಇಂಥ ಯಾರೂ ತಿರುಗಿ ನೋಡದ ಪುಟಗಳಲ್ಲೇ ಅನ್ಕೊಳ್ಳಿ, ಒಂದೊಂದ್ರಲ್ಲೂ 200 ಲಿಂಕ್ ತುಂಬಿಸಿರ್ತಾರೆ. 0.15 ಗುಣಿಸು 0.85 ಭಾಗಿಸು 200, ಅಂದ್ರೆ ನಿಮಗೆ ಬರೋದು 0.0006375. ಅಂಥ ಸಾವಿರ ಲಿಂಕ್ ಸೇರಿದ್ರೆ 0.6375. ಅದೇ 6 ಅಂಕ ಇರೋ ಒಂದೇ ಒಂದು ಒಳ್ಳೆ ಪುಟ, ಅದ್ರಲ್ಲಿ ಬರೀ 8 ಲಿಂಕ್, ಅವುಗಳಲ್ಲಿ ಒಂದು ನಿಮ್ದು ಅಂದ್ರೆ 6 ಗುಣಿಸು 0.85 ಭಾಗಿಸು 8, ಅದೂ 0.6375. ಸಾವಿರ ಕಸದ ಲಿಂಕ್‌ಗೆ ಒಂದೇ ಒಳ್ಳೆ ಲಿಂಕ್ ಸಮ. ಇದು 1998ರ ಹಳೇ ಸೂತ್ರ, ಮೋಸ ಹಿಡಿಯೋ ಯಾವ ವ್ಯವಸ್ಥೆನೂ ಅದ್ರಲ್ಲಿ ಇರ್ಲಿಲ್ಲ. ಈಗ ಆ ಸಾವಿರಾನ ಗುರುತು ಹಿಡಿದು ಸೊನ್ನೆ ಮಾಡ್ತಾರೆ, ಆ ಒಂದು ಮಾತ್ರ ಉಳ್ಕೊಳ್ಳುತ್ತೆ.

ಚಂದ್ರಕಲಾ_ಬೆಂಗಳೂರು:

ಸರ್ವರ್ ರೂಮ್ ಅವರು ಹೇಳಿದ್ದಕ್ಕೆ ಸೇರಿಸ್ತೀನಿ, ನಾನು ಎಸ್‌ಇಒ, ಅಂದ್ರೆ ಸೈಟ್‌ಗಳನ್ನ ಸರ್ಚ್‌ನಲ್ಲಿ ಮೇಲೆ ತರೋ ಕೆಲಸದಲ್ಲೇ ಇರೋದು.

ಲಿಂಕ್ ಕೊಂಡ್ಕೊಂಡು ಸಿಕ್ಕಿಬಿದ್ದಿರೋದ್ರಲ್ಲಿ ಜೆಸಿ ಪೆನ್ನಿ ಕೇಸ್ ಎಲ್ಲರೂ ಓದಬೇಕು. ಅದು ಅಮೆರಿಕದ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್. ಬಟ್ಟೆ, ಹಾಸಿಗೆ, ಕಾರ್ಪೆಟ್ ಏನು ಹುಡುಕಿದ್ರೂ ಅವ್ರೇ ಮೊದಲು ಬರ್ತಿದ್ರು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡ್ತು, ಬಟ್ಟೆಗೂ ಹಾಸಿಗೆಗೂ ಸಂಬಂಧನೇ ಇಲ್ಲದ ಸಾವಿರಾರು ಪುಟಗಳಲ್ಲಿ ಅವ್ರ ಲಿಂಕ್ ಇಡಿಸಿದ್ರು. ಗೂಗಲ್ ಕ್ರಮ ತಗೊಂಡ ದಿನ ಒಂದು ಸೂಟ್‌ಕೇಸ್ ಸರ್ಚ್‌ಗೆ ಸಂಜೆ ಮೊದಲನೇ ಸ್ಥಾನದಲ್ಲಿದ್ದೋರು ಎರಡು ಗಂಟೆಯೊಳಗೆ 71ನೇ ಸ್ಥಾನಕ್ಕೆ ಬಿದ್ರು. ಇನ್ನೊಂದು, 2012ರ ಜನವರಿಯಲ್ಲಿ ಗೂಗಲ್ ತನ್ನದೇ ಕ್ರೋಮ್ ಬ್ರೌಸರ್ ಪುಟಾನ ಕೆಳಗೆ ತಳ್ಳಿತ್ತು, ಅದರ ಪ್ರಚಾರಕ್ಕೆ ದುಡ್ಡು ಕೊಟ್ಟು ಬರೆಸಿದ ಬ್ಲಾಗ್‌ನಲ್ಲಿ ಲಿಂಕ್ ಇತ್ತು ಅಂತ. ತಮ್ಮದೇ ಪುಟಕ್ಕೆ ಹಾಗೆ ಮಾಡಿದೋರು ನಮ್ಮನ್ನ ಬಿಡ್ತಾರಾ.

ಅದೇ ವರ್ಷ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನೋ ಅಪ್‌ಡೇಟ್ ಬಂತು, ಕೊಂಡ ಲಿಂಕ್ ಇರೋ ಸೈಟ್‌ಗಳು ಸಾಲಾಗಿ ಮಲಗಿದ್ವು. 2016ರ ಸೆಪ್ಟೆಂಬರ್‌ನಿಂದ ಅದು ಮುಖ್ಯ ವ್ಯವಸ್ಥೆಯೊಳಗೇ ಸೇರ್ಕೊಂಡಿದೆ, ಈಗ ಹೆಚ್ಚಾಗಿ ಅಂಥ ಲಿಂಕ್‌ಗಳಿಗೆ ಬೆಲೆನೇ ಕೊಡದೆ ಬಿಟ್ಬಿಡುತ್ತೆ. ಆ ಐದು ಸಾವಿರ ನೀರಲ್ಲಿ ಹಾಕಿದ ಹಾಗೆ, ಅದೃಷ್ಟ ಕೆಟ್ಟಿದ್ರೆ ಸೈಟ್‌ಗೂ ಪೆಟ್ಟು.

ಮತ್ತೆ ಇವ್ರು ಕೊಡೋ ಲಿಂಕ್ ಎಲ್ಲಿರುತ್ತೆ ಗೊತ್ತಾ, ಬ್ಲಾಗ್‌ಗಳ ಕಾಮೆಂಟ್ ಜಾಗದಲ್ಲಿ, ಸತ್ತುಹೋದ ಫೋರಂ ಪ್ರೊಫೈಲ್‌ಗಳಲ್ಲಿ. ಆ ಜಾಗಗಳಲ್ಲಿ ನೋಫಾಲೋ, ಅಂದ್ರೆ ಈ ಲಿಂಕಿಗೆ ತೂಕ ಕೊಡಬೇಡಿ ಅಂತ ಸರ್ಚ್ ಎಂಜಿನ್‌ಗೆ ಹೇಳೋ ಗುರುತು ಮೊದಲೇ ಇರುತ್ತೆ, 2005ರಲ್ಲೇ ಕಾಮೆಂಟ್ ಸ್ಪ್ಯಾಮ್ ತಡೆಯೋಕೆ ಅಂತ ತಂದಿದ್ದು. ವಿಕಿಪೀಡಿಯದ ಹೊರಗಿನ ಲಿಂಕ್‌ಗಳಿಗೂ ಅದೇ ಗುರುತು, ಹಾಗಾಗಿ ಅಲ್ಲಿ ಹೋಗಿ ನಿಮ್ಮ ಸೈಟ್ ಲಿಂಕ್ ತುರುಕೋ ಯೋಚನೆನೂ ಬೇಡ, ಸಂಪಾದಕರಿಗೆ ಕೆಲಸ ಹೆಚ್ಚುತ್ತೆ ಅಷ್ಟೇ.

ಗೂಗ್ಲಿ_೨೪:

ಲಿಂಕ್ ಲಿಂಕ್ ಅಂತ ಇಷ್ಟು ತಲೆ ಕೆಡಿಸ್ಕೋಬೇಕಾ ಗುರು? ಗೂಗಲ್‌ನ ಗ್ಯಾರಿ ಇಲ್ಯೆಸ್ 2023ರಲ್ಲೇ ಹೇಳಿದಾರೆ, ಲಿಂಕ್ ಈಗ ಮೊದಲ ಮೂರು ಅಂಶಗಳಲ್ಲೂ ಇಲ್ಲ ಅಂತ. ಒಳ್ಳೆ ಕಂಟೆಂಟ್ ಬರೀರಿ ಸಾಕು.

ಸರ್ವರ್_ರೂಮ್:

ಹೇಳಿದ್ದು ನಿಜ ಬ್ರೋ, ಆದ್ರೆ ಒಳ್ಳೆ ಕಂಟೆಂಟ್ ಬರೀರಿ ಸಾಕು ಅಂದ್ಬಿಟ್ರೆ ಈ ಸರ್‌ಗೆ ಏನೂ ಸಹಾಯ ಆಗಲ್ಲ, ಅವ್ರು ಬರೆದಿರೋದು ಒಳ್ಳೆದೇ ಅಲ್ವಾ. ಲಿಂಕ್‌ನಿಂದ ಎರಡು ಕೆಲಸ ಆಗುತ್ತೆ. ಒಂದು ತೂಕ, ಅದು ಮೊದಲಿನಷ್ಟು ಇಲ್ಲ ಅಂತ ಒಪ್ತೀನಿ. ಇನ್ನೊಂದು ದಾರಿ, ಗೂಗಲ್‌ನ ಕ್ರಾಲರ್ (ಪುಟಗಳನ್ನ ಓದ್ಕೊಂಡು ಬರೋ ಪ್ರೋಗ್ರಾಂ) ಹೊಸ ಪುಟ ಕಂಡು ಹಿಡಿಯೋದು ಹೆಚ್ಚಾಗಿ ಲಿಂಕ್ ಹಿಡ್ಕೊಂಡು ಹೋಗಿನೇ. ಸೈಟ್‌ಮ್ಯಾಪ್, ಅಂದ್ರೆ ಸೈಟ್‌ನ ಪುಟಗಳ ಪಟ್ಟಿ ಕೊಟ್ರೂ ಸಿಗುತ್ತೆ, ಆದ್ರೆ ಯಾವ ಕಡೆಯಿಂದಲೂ ಲಿಂಕ್ ಇಲ್ಲದ ಪುಟಾನ ಅದು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳಲ್ಲ, ಸೈಟ್ ನಡೆಸೋರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್‌ನಲ್ಲಿ ಕ್ರಾಲ್ ಆಗಿದೆ (ಓದಿದೆ) ಇಂಡೆಕ್ಸ್ ಆಗಿಲ್ಲ (ಹುಡುಕೋ ಪಟ್ಟಿಗೆ ಸೇರಿಸಿಲ್ಲ) ಅಂತ ತೋರಿಸ್ತಾ ಕೂತಿರುತ್ತೆ.

ಇನ್ನು ಲಿಂಕ್ ಬಿಟ್ಟು ಬೇರೆ ಏನು ನೋಡ್ತಾರೆ ಅಂದ್ರೆ, 2023ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ಹಾಕಿದ್ದ ಏಕಸ್ವಾಮ್ಯದ ಕೇಸಲ್ಲಿ ಗೂಗಲ್‌ನ ಪಾಂಡು ನಾಯಕ್ ಕೋರ್ಟ್‌ನಲ್ಲೇ ಹೇಳಿದಾರೆ, ನ್ಯಾವ್‌ಬೂಸ್ಟ್ ಅಂತ ಒಂದು ವ್ಯವಸ್ಥೆ ಇದೆ, ಜನ ಯಾವ ರಿಸಲ್ಟ್ ಮೇಲೆ ಕ್ಲಿಕ್ ಮಾಡ್ತಾರೆ ಅನ್ನೋ 13 ತಿಂಗಳ ಮಾಹಿತಿ ಇಟ್ಕೊಂಡು ಕೆಲಸ ಮಾಡುತ್ತೆ ಅಂತ. ಅಂದ್ರೆ ನಿಮ್ಮ ಶೀರ್ಷಿಕೆ ನೋಡಿ ರೈತರು ಒತ್ತಬೇಕು, ಒತ್ತಿದ ಮೇಲೆ ಉತ್ತರ ಅಲ್ಲೇ ಸಿಗಬೇಕು. "ಅಡಿಕೆ ಬೆಳೆಗಾರರೇ ಗಮನಿಸಿ" ಅನ್ನೋ ಶೀರ್ಷಿಕೆಗಿಂತ "ಕೊಳೆರೋಗಕ್ಕೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಅಳತೆ" ಅನ್ನೋದು ಎಷ್ಟೋ ವಾಸಿ.

ವೀಣಾ_ಉಡುಪಿ:

ತೋಟದಮನೆ ಸರ್, ಕನ್ನಡ ಸೈಟ್‌ಗಳದ್ದೇ ಕೆಲವು ತೊಂದರೆಗಳಿರ್ತವೆ, ಇಂಗ್ಲಿಷ್ ಎಸ್‌ಇಒ ವಿಡಿಯೋಗಳಲ್ಲಿ ಯಾರೂ ಅದನ್ನ ಹೇಳಲ್ಲ.

ಮೊದಲು ನೋಡಿ, ಲೇಖನದ ಮುಖ್ಯ ವಿಷ್ಯ ಅಕ್ಷರದಲ್ಲಿದೆಯಾ ಚಿತ್ರದಲ್ಲಿದೆಯಾ. ನಮ್ಮವ್ರು ವಾಟ್ಸಾಪ್‌ಗೆ ಅಂತ ಪೋಸ್ಟರ್ ಮಾಡಿ ಅದನ್ನೇ ಸೈಟ್‌ಗೂ ಹಾಕ್ತಾರೆ. ಚಿತ್ರದೊಳಗಿರೋ ಕನ್ನಡವನ್ನ ನಂಬ್ಕೊಂಡು ಕೂರೋಕಾಗಲ್ಲ, ಅದೇ ಮಾತು ಕೆಳಗೆ ಅಕ್ಷರದಲ್ಲೂ ಇರಬೇಕು. ಹಳೇ ಲೇಖನಗಳನ್ನ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ರೆ ಅದು ಕಣ್ಣಿಗೆ ಕನ್ನಡವಾಗಿ ಕಂಡ್ರೂ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಗೋಜಲು, ಸರ್ಚ್‌ಗೆ ಸಿಗೋದೇ ಇಲ್ಲ. ಪರಿವರ್ತನೆ ಮಾಡಿ ಹಾಕಿ.

ಆಮೇಲೆ ನಿಮ್ಮ ಕೈಲೇ ಇರೋ ಲಿಂಕ್‌ಗಳು. ಎಲೆಚುಕ್ಕಿ ಲೇಖನದಿಂದ ಬೋರ್ಡೋ ಲೇಖನಕ್ಕೆ, ಬಸಿಗಾಲುವೆ ಲೇಖನದಿಂದ ಕೊಳೆರೋಗಕ್ಕೆ ಲಿಂಕ್ ಕೊಟ್ಟಿದೀರಾ? ಹೆಚ್ಚಿನ ಕನ್ನಡ ಸೈಟ್‌ಗಳಲ್ಲಿ ಇದೇ ಇರಲ್ಲ, ಹಳೇ ಲೇಖನ ಮೂಲೆ ಸೇರಿ ಅನಾಥವಾಗುತ್ತೆ. ಕೊಡುವಾಗ "ಇಲ್ಲಿ ಕ್ಲಿಕ್ ಮಾಡಿ" ಅಂತ ಕೊಡಬೇಡಿ, "ಬೋರ್ಡೋ ದ್ರಾವಣ ತಯಾರಿಸುವ ವಿಧಾನ" ಅನ್ನೋ ಪದಗಳ ಮೇಲೇ ಲಿಂಕ್ ಇಡಿ. ಆ ಕಡೆ ಪುಟದಲ್ಲಿ ಏನಿದೆ ಅಂತ ಸರ್ಚ್ ಎಂಜಿನ್ ಆ ಪದಗಳಿಂದಲೂ ಅರ್ಥ ಮಾಡ್ಕೊಳ್ಳುತ್ತೆ. ಜನ ಒಬ್ಬೊಬ್ರು ಒಂದೊಂದು ಥರ ಹುಡುಕ್ತಾರೆ, ಕೊಳೆರೋಗ, ಕೊಳೆ ರೋಗ, ಮಹಾಳಿ ಅಂತ, ತುಂಬಾ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೀತಾರೆ, ಹಾಗಾಗಿ ಲೇಖನದಲ್ಲಿ ಸಹಜವಾಗಿ ಬರೋ ಕಡೆ ಎಲ್ಲಾ ರೂಪಗಳನ್ನೂ ಬಳಸಿ.

ಹೊರಗಿಂದ ಲಿಂಕ್ ಬೇಕಂದ್ರೆ ಕೇಳಿ ಪಡೆಯೋದೇ ದಾರಿ. ನಿಮ್ಮ ಅಡಿಕೆ ಸೊಸೈಟಿಗೆ ವೆಬ್‌ಸೈಟ್ ಇದ್ರೆ, ಕೃಷಿ ವಿಜ್ಞಾನ ಕೇಂದ್ರದವ್ರು ನಿಮ್ಮ ತೋಟಕ್ಕೆ ಬಂದಿದ್ರೆ, ಕೃಷಿ ಪತ್ರಿಕೆಯಲ್ಲಿ ನಿಮ್ಮ ಲೇಖನ ಬಂದಿದ್ರೆ ಅವ್ರ ಪುಟದಿಂದ ಒಂದು ಲಿಂಕ್ ಕೇಳಿ. ಕನ್ನಡದಲ್ಲಿ ಈ ವಿಷಯಕ್ಕೆ ಪೈಪೋಟಿ ಕಮ್ಮಿ ಸರ್, ಅಂಥದ್ದು ಎರಡು ಮೂರು ಸಿಕ್ಕಿದ್ರೂ ದೊಡ್ಡದು. ನೀವೂ ವಿಟ್ಲದ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದ ಮಾಹಿತಿಗೆ ಲಿಂಕ್ ಕೊಡಿ, ಓದೋರಿಗೆ ಇವ್ರು ಆಧಾರ ಇಟ್ಕೊಂಡು ಬರೀತಾರೆ ಅಂತ ನಂಬಿಕೆ ಬರುತ್ತೆ.

ತೋಟದಮನೆ:

ಎಲ್ಲರಿಗೂ ತುಂಬಾ ಧನ್ಯವಾದ, ದುಡ್ಡು ಕೊಡಲ್ಲ ಅಂತ ಅವ್ರಿಗೆ ಹೇಳ್ಬಿಟ್ಟೆ. ವೀಣಾ ಮೇಡಂ, ಮದ್ದು ಹೊಡೆಯೋ ವೇಳಾಪಟ್ಟಿ ಪೂರ್ತಿ ಪೋಸ್ಟರ್‌ನಲ್ಲೇ ಇದೆ, ಮೊದಲನೇ ಸಲ ಮುಂಗಾರಿಗೆ ಮುಂಚೆ, ಎರಡನೇದು 40-45 ದಿನಕ್ಕೆ ಅನ್ನೋದೆಲ್ಲ. ಅದನ್ನ ಇವತ್ತೇ ಟೈಪ್ ಮಾಡಿ ಹಾಕ್ತೀನಿ. ಇನ್ನೊಂದು ಡೌಟು. ಸರ್ಚ್ ಕನ್ಸೋಲ್ ತೆಗೆದು ನೋಡಿದ್ರೆ ಯಾವ್ಯಾವುದೋ ವಿದೇಶಿ ಸೈಟ್‌ಗಳಿಂದ, ಜೂಜಿನ ಸೈಟ್ ಕೂಡ ಇದೆ, ನಮ್ಮ ಸೈಟ್‌ಗೆ ಲಿಂಕ್ ಬಂದಿದೆ, ನಾನು ಯಾರಿಗೂ ಹೇಳಿಲ್ಲ. ಇದ್ರಿಂದ ಪೆಟ್ಟಾಗುತ್ತಾ? ಡಿಸ್‌ಅವೋ ಅಂತ ಏನೋ ಇದೆಯಂತಲ್ಲ, ಅದನ್ನ ಮಾಡಬೇಕಾ?

ಚಂದ್ರಕಲಾ_ಬೆಂಗಳೂರು:

ಬೇಡ ಸರ್, ಮುಟ್ಟಬೇಡಿ. ಅಂಥ ಲಿಂಕ್ ಎಲ್ಲಾ ಸೈಟ್‌ಗೂ ಬರ್ತಾನೇ ಇರುತ್ತೆ, ಗೂಗಲ್ ತಾನಾಗೇ ಬಿಟ್ಬಿಡುತ್ತೆ. ಡಿಸ್‌ಅವೋ ಅಂದ್ರೆ ಈ ಲಿಂಕ್‌ಗಳನ್ನ ಲೆಕ್ಕಕ್ಕೆ ತಗೋಬೇಡಿ ಅಂತ ಗೂಗಲ್‌ಗೆ ಪಟ್ಟಿ ಕೊಡೋದು, 2012ರ ಅಕ್ಟೋಬರ್‌ನಲ್ಲಿ ಬಂದಿದ್ದು, ಕೊಂಡ ಲಿಂಕ್‌ಗಳಿಂದ ಸಿಕ್ಕಿಹಾಕ್ಕೊಂಡು ಬಿಡಿಸ್ಕೊಳ್ಳೋಕೆ ಒದ್ದಾಡ್ತಿದ್ದೋರಿಗೆ ಅಂತ. ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನ್ಯುವಲ್ ಆಕ್ಷನ್ಸ್ (ಗೂಗಲ್‌ನವ್ರು ನೋಡಿ ಸೈಟ್ ಮೇಲೆ ತಗೊಂಡ ಕ್ರಮ) ಅನ್ನೋ ಪುಟ ತೆಗೆದು ನೋಡಿ, ಯಾವ ಸಮಸ್ಯೆನೂ ಇಲ್ಲ ಅಂತಿದ್ರೆ ನೀವು ಮಾಡಬೇಕಾದ್ದು ಏನೂ ಇಲ್ಲ. ಗೊತ್ತಿಲ್ಲದೆ ಪಟ್ಟಿ ಮಾಡಿ ಅಪ್‌ಲೋಡ್ ಮಾಡಿದ್ರೆ ಕೈತಪ್ಪಿ ಒಳ್ಳೆ ಲಿಂಕೂ ಅದ್ರಲ್ಲಿ ಹೋಗ್ಬಿಡುತ್ತೆ.

ಅದಕ್ಕಿಂತ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನೋ ಕಡೆ ಹೋಗಿ, ಸರ್ಚ್ ಎಂಜಿನ್‌ಗಳು ಇಂಡೆಕ್ಸ್ ಮಾಡದ ಹಾಗೆ ತಡೆಯೋ ಒಂದು ಟಿಕ್ ಬಾಕ್ಸ್ ಇದೆ, ಅದು ಖಾಲಿ ಇದೆಯಾ ನೋಡ್ಕೊಳ್ಳಿ. ವೇಳಾಪಟ್ಟಿ ಟೈಪ್ ಮಾಡಿ ಹಾಕಿದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಹಾಕಿ ಮತ್ತೆ ಇಂಡೆಕ್ಸ್ ಮಾಡೋಕೆ ರಿಕ್ವೆಸ್ಟ್ ಕೊಡಿ, ಒಂದೇ ಸಲ ಕೊಟ್ರೆ ಸಾಕು.