ಖಜಾಂಚಿಯೋ, ಭಂಡಾರಿಯೋ? ಒಂದು ಹುದ್ದೆಯ ಹೆಸರು ಬೇಕಿದೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ನಾರ್ತ್ ಕೆರೊಲಿನಾದ ಹಾರ್ಲನ್ ಬಾಯ್ಲ್ಸ್ ಬಗ್ಗೆ ಒಂದು ಪುಟ್ಟ ಬರಹ ಬರೆಯುತ್ತಿದ್ದೇನೆ. ಅವರು 1977ರಿಂದ 2001ರವರೆಗೆ ಆ ರಾಜ್ಯದ 'ಸ್ಟೇಟ್ ಟ್ರೆಷರರ್' ಆಗಿದ್ದವರು. ನಾಲ್ಕು ವರ್ಷಕ್ಕೊಮ್ಮೆ ಜನರ ಮುಂದೆ ನಿಂತು ಆರು ಸಲ ಗೆದ್ದರು. ಅವರಿಗೂ ಮೊದಲು ಎಡ್ವಿನ್ ಗಿಲ್ 1953ರಿಂದ ಅದೇ ಹುದ್ದೆಯಲ್ಲಿದ್ದರು. ಅಂದರೆ ಸುಮಾರು 48 ವರ್ಷಕ್ಕೆ ಇಬ್ಬರೇ! ಇಷ್ಟೆಲ್ಲ ಬರೆದೆ, ಆದರೆ ಹುದ್ದೆಯ ಕನ್ನಡ ಹೆಸರಿನ ಹತ್ತಿರ ಬಂದು ನಿಂತುಬಿಟ್ಟೆ.

'ಹಣಕಾಸು ಸಚಿವ' ಒಪ್ಪುವುದಿಲ್ಲ. ನಮ್ಮಲ್ಲಿ ಆ ಸಚಿವರು ಬಜೆಟ್ ಮಂಡಿಸುತ್ತಾರೆ. ಅಲ್ಲಿ ಬಜೆಟ್ ಸಿದ್ಧಪಡಿಸುವವರು ಗವರ್ನರ್. ಟ್ರೆಷರರ್ ರಾಜ್ಯದ ಹಣ ಕಾಯುತ್ತಾರೆ, ಶಿಕ್ಷಕರ ಮತ್ತು ನೌಕರರ ಪಿಂಚಣಿ ನಿಧಿ ನೋಡಿಕೊಳ್ಳುತ್ತಾರೆ. ಊರು, ಕೌಂಟಿಗಳು (ನಮ್ಮ ಜಿಲ್ಲೆಗಳ ಹಾಗೆ) ಸಾಲ ಎತ್ತಬೇಕಾದರೆ ಅವರೇ ಅಧ್ಯಕ್ಷರಾಗಿರುವ ಆಯೋಗ ಒಪ್ಪಬೇಕು. ಸ್ಥಳೀಯ ಸಂಸ್ಥೆಗಳು ಸಾಲ ತೀರಿಸಲಾಗದೆ ಕೈಚೆಲ್ಲಿದ್ದ 1931ರಲ್ಲಿ ಹುಟ್ಟಿದ ಆಯೋಗ ಅದು.

'ಖಜಾನೆ ಅಧಿಕಾರಿ' ಅಂದರೆ ಬಿಲ್ ಪಾಸ್ ಮಾಡುವ ಜಿಲ್ಲಾ ಖಜಾನೆಯೇ ಕಣ್ಮುಂದೆ ಬರುತ್ತದೆ. ಅದೂ ಬೇಡ.

'ಖಜಾಂಚಿ' ಹತ್ತಿರದ ಪದ. ಅರಬ್ಬಿ ಮೂಲದ ಖಜಾನೆಗೆ ತುರ್ಕಿಯ 'ಚಿ' ಸೇರಿ ಆದದ್ದು. ಪಂಜು ಹಿಡಿಯುವವನಿಗೆ ಮಶಾಲ್ಚಿ ಅಂದ ಹಾಗೆ. ಆದರೆ ಈಗ ಖಜಾಂಚಿ ಅಂದರೆ ಸಂಘದ ಅಥವಾ ಗಣೇಶೋತ್ಸವ ಸಮಿತಿಯ ಲೆಕ್ಕ ನೋಡುವವರು, ಅಲ್ವಾ? ಕೋಟ್ಯಂತರ ಡಾಲರ್ ನೋಡಿಕೊಂಡವರಿಗೆ ಈ ಪದ ಸಾಕಾಗುತ್ತದೆಯೇ ಅನ್ನುವುದೇ ನನ್ನ ಚಿಂತೆ.

ನನ್ನ ಮನಸ್ಸು ಜಾಸ್ತಿ ಎಳೆಯುವುದು 'ಭಂಡಾರಿ' ಕಡೆಗೆ. ಶ್ರವಣಬೆಳಗೊಳದ ಭಂಡಾರಿ ಬಸದಿ ನೋಡಿದವರಿಗೆ ಇದು ಗೊತ್ತಿರುತ್ತದೆ. 1159ರಲ್ಲಿ ಅದನ್ನು ಕಟ್ಟಿಸಿದ ಹುಳ್ಳ, ಹೊಯ್ಸಳರ 'ಹಿರಿಯ ಭಂಡಾರಿ'. ವಿಷ್ಣುವರ್ಧನ, ನರಸಿಂಹ, ಇಮ್ಮಡಿ ಬಲ್ಲಾಳ, ಹೀಗೆ ಮೂವರು ದೊರೆಗಳ ಕಾಲ ಕಂಡವನು. ಬಸವಣ್ಣನವರನ್ನೂ ಭಂಡಾರಿ ಬಸವಣ್ಣ ಅನ್ನುತ್ತೇವೆ. ರಾಜ್ಯದ ಹಣ, ದೊಡ್ಡ ಹೊಣೆ, ಉದ್ದದ ಸೇವೆ, ಎಲ್ಲವೂ ಆ ಒಂದು ಪದದಲ್ಲಿದೆ. ತೊಡಕು ಒಂದೇ. ಇಂದಿನ ಓದುಗರು 'ಭಂಡಾರಿ ಬಾಯ್ಲ್ಸ್' ಅಂತ ಓದಿದರೆ ಅದನ್ನು ಮನೆತನದ ಹೆಸರು ಅಂದುಕೊಳ್ಳಬಹುದು.

ಸದ್ಯಕ್ಕೆ 'ರಾಜ್ಯ ಖಜಾಂಚಿ' ಅಂತ ಬರೆದು, ಮೊದಲ ಸಲ ಬಂದಲ್ಲಿ 'ಜನರಿಂದ ಆಯ್ಕೆಯಾಗುವ ಹುದ್ದೆ' ಅಂತ ಸೇರಿಸಿದ್ದೇನೆ. ಪತ್ರಿಕೆಗಳಲ್ಲಿ 'ಬೊಕ್ಕಸಕ್ಕೆ ಹೊರೆ' ದಿನಾ ಕಾಣುತ್ತದೆ. ಆದರೆ ಬೊಕ್ಕಸ ಕಾಯುವವರಿಗೆ ಬಳಕೆಯಲ್ಲಿರುವ ಪದ ಯಾವುದು? ನಿಮ್ಮ ಕಡೆ ಮಠದಲ್ಲೋ ದೇವಸ್ಥಾನದಲ್ಲೋ ಹಣ ನೋಡಿಕೊಳ್ಳುವವರನ್ನು ಏನಂತ ಕರೆಯುತ್ತಾರೆ? ದಯವಿಟ್ಟು ಊರಿನ ಹೆಸರಿನ ಜೊತೆ ತಿಳಿಸಿ.